ಹದಿನೈದನೆಯ ಅರ್ಜಿ

ಜಯಮಾಲಾಳ ಪೆನ್ನು ಅರ್ಜಿಯ ಮೇಲೆ ನಿಂತೇ ಇದೆ, ಬರೆಯುತ್ತಿಲ್ಲ, ಏಳುತ್ತಲೂ ಇಲ್ಲ — ಮೇಡಂ, ನೀವು ಹೇಳಿದ್ರ ತುಂಬ್ತೀನ್ರಿ ಅನ್ನುತ್ತ ಹುಡುಗಿ ಪೂನಮ್‌ಳ ಮುಖವನ್ನೇ ನೋಡುತ್ತಾಳೆ, ಹಾಗೆ ನೋಡಬಾರದಪ್ಪ ಯಾರೂ ಯಾರನ್ನೂ, ಚಿತ್ತಾಪುರದ ಈ ಕಾಲೇಜಿನ ಕೋಣೆಯಲ್ಲಿ ಈಗಷ್ಟೇ ಒಂದು ತಾಸು ಗಂಟಲು ಹರಿದುಕೊಂಡಿದ್ದಾಳೆ ಪೂನಮ್, ಸಮಾಜಸೇವೆಯೂ ನೌಕರಿಯೇ, ಎರಡು ವರ್ಷ ದಂಡೋತಿಯ ನಮ್ಮ ಕೇಂದ್ರದಲ್ಲಿ ದುಡಿಯಿರಿ, ಮುಂದೆ ನಿಮ್ಮದೇ ಸಂಸ್ಥೆ ಕಟ್ಟಿರಿ, ಚಪ್ಪಾಳೆ ಬಿತ್ತು, ಹದಿನಾಲ್ಕು ಮಂದಿ ಅರ್ಜಿ ತುಂಬಿಕೊಟ್ಟು ಹೋದರು, ಹದಿನೈದನೆಯದು ಇವಳದು, ಇವಳ ಹತ್ತಿರವೇ ರೈಲ್ವೆ ಪರೀಕ್ಷೆಯ ಹಾಲ್ ಟಿಕೆಟ್ ಇರಬೇಕೆ, ಆ ಪರೀಕ್ಷೆ, ಕೇಂದ್ರದ ಮೊದಲ ತರಬೇತಿ ಎರಡೂ ಒಂದೇ ದಿನ ಬೀಳಬೇಕೆ. ವಾಡಿಯೊಳಗ ನಮ್ಮಪ್ಪ ಗ್ಯಾಂಗ್‌ಮನ್ ಅದಾನ್ರಿ, ರೈಲ್ವೆದವ್ರು ಮತ್ತ ಯಾವಾಗ ಕರೀತಾರೋ, ಪರೀಕ್ಷಾ ಬಿಡಬ್ಯಾಡ ಅಂತಾನ, ನನಗ ನೋಡಿದ್ರ ಇದೇ ಮನಸಾಗ್ಯದ — ಬಿಡಬೇಡವೇ ತಾಯಿ, ನಿಮ್ಮಪ್ಪ ಹೇಳಿದ್ದು ಕೇಳು, ಮಾತು ನಾಲಿಗೆಯ ತುದಿಗೆ ಬಂದಿದೆ, ಆದರೆ ಮುಂಜಾನೆ ಸಂಸ್ಥೆಯ ಮುಖ್ಯಸ್ಥ ಗುರುಲಿಂಗಯ್ಯ ಸರ್ ಫೋನಿನಲ್ಲಿ ಅಂದದ್ದೂ ಅಲ್ಲೇ ಕೂತಿದೆ, ದಂಡೋತಿ ಕೇಂದ್ರ ಮಾರ್ಚಿಗೆ ಮುಚ್ಚಲಿಕತ್ತೀವಿ, ದಾನಿಗಳು ಕೈ ಬಿಟ್ರು, ಹೊಸ ದಾನಿಗಳಿಗೆ ತೋರಸ್ಲಿಕ್ಕೆ ಹದಿನೈದು ಹೆಸರು ಬೇಕು, ತಂದ್ರ ನಿನ್ನ ನೌಕರಿ ಉಳೀತದ, ಯಾರ ಮುಂದೂ ಬಾಯಿ ಬಿಡಬ್ಯಾಡವ್ವ.

ಮಾಳಮ್ಮನಿಗೂ ಹೇಳಿಲ್ಲ, ಕೇಂದ್ರದಲ್ಲಿ ತೊಗರಿಬೇಳೆ ಹಸನು ಮಾಡುವ ಮಾಳಮ್ಮ, ಜೀಪಿನಿಂದ ಇಳಿದವರು ಏನೇ ಕೇಳಲಿ ಭಾಳ ಬದಲಾವಣಿ ಆಗ್ಯದ್ರಿ ಅನ್ನು ಎಂದು ಅವಳಿಗೆ ಕಲಿಸಿದವಳು ಪೂನಮ್, ಒಮ್ಮೆ ದಾನಿಗಳು ನಿನ್ನ ಹೆಸರೇನಮ್ಮ ಎಂದರೆ ಪಾಪ, ಗಾಬರಿಯಲ್ಲಿ ಭಾಳ ಬದಲಾವಣಿ ಆಗ್ಯದ್ರಿ ಅಂದುಬಿಟ್ಟಳು, ಎಲ್ಲರೂ ನಕ್ಕರು, ಪೂನಮ್ ಕೂಡ ನಕ್ಕಳು, ನಗಬಾರದಿತ್ತು, ಮಾರ್ಚಿ ಕಳೆದರೆ ಮಾಳಮ್ಮ ಮತ್ತೆ ಶಹಾಬಾದಿನ ಕಲ್ಲಿನ ಖಣಿಗೆ. ಮೇಡಂ, ಖರೇ ಹೇಳ್ರಿ, ಈ ಕೆಲಸದಾಗ ನಿಮಗ ಹೆಂಗ ಅನಸ್ತದ — ಜಯಮಾಲಾ ಕೇಳುತ್ತಿದ್ದಾಳೆ, ಹೇಳು, ಈಗಲಾದರೂ ಹೇಳು, ಬಾಯಿ ತೆರೆಯಿತು, ಭಾಳ ಬದಲಾವಣಿ ಆಗ್ಯದವ್ವ — ಅಯ್ಯೋ, ಅಂದದ್ದು ಯಾರು, ತನ್ನದೇ ದನಿ, ಹುಡುಗಿ ಮಾತ್ರ ನಿರಾಳವಾಗಿ ನಕ್ಕಳು, ಪೆನ್ನು ಸರಿಯತೊಡಗಿತು, ತಂದೆಯ ಹೆಸರು ಗೊಲ್ಲಾಳಪ್ಪ, ಊರು ವಾಡಿ, ತಡೆಯಬೇಕು, ಕೈ ಚಾಚಿದರೆ ಸಾಕು, ಕೈ ಏಳುತ್ತಿಲ್ಲ, ಪೆನ್ನು ಸಹಿಯ ಜಾಗಕ್ಕೆ ಬಂತು, ಬೆಂಚು ತಗ್ಗುದಿಣ್ಣೆ ಎಂದು ಹುಡುಗಿ ಹಾಲ್ ಟಿಕೆಟನ್ನೇ ನಾಲ್ಕು ಮಡಿಕೆ ಮಾಡಿ ಅರ್ಜಿಯ ಅಡಿಗೆ ಇಟ್ಟುಕೊಂಡಿದ್ದಾಳೆ, ಅದರ ಮೇಲೆ ಒತ್ತಿ ಬರೆಯುತ್ತಿದ್ದಾಳೆ, ಪೆನ್ನು, ಪೆನ್ನಿನ ಮೊನೆ, ಜ, ಯ —