ಈರವ್ವ ಕಾದ ತಳ

“ಈರವ್ವನವರೇ, ನಿಮ್ಮ ಸೊಸೆ ಮಾಡಿರೋ ಅನ್ನ ತಳ ಹಿಡೀತಿದೆ, ವಾಸನೆ ಬರ್ತಿಲ್ವಾ?” ಎನ್ನುತ್ತ ಅಹಲ್ಯಾ ನೀರಿನ ಜಗ್ಗು ಹಿಡಿದು ಒಲೆಯ ಹತ್ತಿರ ಬಂದೇಬಿಟ್ಟರು.

ಬಾರದೆ ಏನು? ಪರದೇಶದ ಊರು ಸ್ಟಾಫರ್ಡಿನಲ್ಲಿ ಕನ್ನಡದವರು ಸೇರಿದ್ದ ಆ ಹಾಲ್‌ನ ಅಡುಗೆಮನೆ ತುಂಬ ಅದೇ ವಾಸನೆ. ಸಂಕ್ರಾಂತಿ ಊಟಕ್ಕೆ ಮನೆಗೊಂದು ಅಡುಗೆ ಎಂದಾಗ ಸೊಸೆ ಡೆನೀಸ್ ತನ್ನ ಬಹಾಮಾಸ್ ದ್ವೀಪದ ತೊಗರಿಕಾಳಿನ ಅನ್ನ ಮಾಡುತ್ತೇನೆಂದು ಹೆಸರು ಕೊಟ್ಟಿದ್ದಳು. ಹಿತ್ತಲಲ್ಲಿ ತಾನೇ ಬೆಳೆಸಿದ ಹಸಿ ತೊಗರಿ, ತೆಂಗಿನ ಹಾಲು, ಟೊಮೆಟೊ, ಮೂಗಿಗೆ ಬಡಿಯುವ ದುಂಡು ಮೆಣಸಿನಕಾಯಿ. ತವರಿನಲ್ಲಾದರೆ ಹಂದಿಮಾಂಸವೂ ಬೀಳುತ್ತಿತ್ತು. ಇಲ್ಲಿಯವರಿಗಾಗಿ ಅದನ್ನು ಬಿಟ್ಟಿದ್ದಳು. ತಳವನ್ನು ಮಾತ್ರ ಬಿಡಲೊಪ್ಪಲಿಲ್ಲ. ಅನ್ನ ಬೆಂದ ಮೇಲೂ ಸಣ್ಣ ಉರಿಯಲ್ಲಿ ತಳ ಕೆಂಪಗೆ ಗಟ್ಟಿಯಾಗಬೇಕು. ಅವಳ ಮನೆಯಲ್ಲಿ ಕೈಗುಣ ನೋಡುವುದೇ ಅದರಲ್ಲಿ. ನೋಡುವವರು ಅವಳಪ್ಪ ಎಲ್ವುಡ್. ಸಮುದ್ರದಲ್ಲಿ ಮೀನು ಹಿಡಿಯುವವರು, ಮಗಳನ್ನು ಕೊಟ್ಟ ಮನೆಗೆ ಮೊದಲ ಸಲ ಅವತ್ತೇ ಬರುತ್ತಿದ್ದರು.

ಅಪ್ಪನನ್ನು ಕರೆತರಲು ಹೋಗಿದ್ದ ಗಂಡ ಪ್ರಭಂಜನನ ಕಾರು ಬಂತೆಂದು ಓಡುವಾಗ ಡೆನೀಸ್ ಅತ್ತೆಯ ಕೈ ಹಿಡಿದು ಹೇಳಿದ್ದಳು: “ಅವ್ವಾ, ಮುಚ್ಚಳ ನೋ. ನೀರು ನೋ. ಡ್ಯಾಡಿ ನೋಡ್ಬೇಕು.”

ಈರವ್ವ ಸೌಟು ಅಡ್ಡ ಹಿಡಿದರು. “ಮುಟ್ಟಬ್ಯಾಡ್ರಿ. ಅದು ಹಂಗೇ ಆಗಬೇಕು.”

“ಸೀಯ್ಬೇಕಾ? ಚೆನ್ನಾಗಿದೆ ಕಣ್ರೀ! ಪಾಪ, ಹುಡುಗಿಗೆ ಗೊತ್ತಾಗಿಲ್ಲ. ಒಂದ್ ಲೋಟ ನೀರು ಹಾಕ್ಬಿಡ್ತೀನಿ.”

“ಗೊತ್ತಿಲ್ಲದೇನ ಮಾಡ್ಯಾಳೇನು? ಕಲಬುರಗ್ಯಾಗ ತೊಗರಿ ಹೊಲದಾಗ ಬೆಳದಾಕಿ ನಾ. ಈಕಿ ಹಿತ್ತಲದಾಗ ತೊಗರಿ ಹೂ ಕಂಡ ದಿನಾನೇ ಅಂದೆ, ಈಕಿ ನಮ್ಮ ಪೈಕಿನೇ ಅಂತ.”

“ಪೈಕಿ ಸರಿ. ವಾಸನೆ?”

ಈರವ್ವ ಪಾತ್ರೆಯತ್ತ ಬಾಗಿ ಒಮ್ಮೆ ಮೂಸಿದರು. ತಳ ಹಿಡಿಸಿದ್ದಕ್ಕೆ ತಮ್ಮ ಅತ್ತೆಯಿಂದ ಎಷ್ಟು ಮಾತು ಕೇಳಿದ್ದರೋ! ಕೈ ತಾನಾಗಿ ಒಲೆಯ ತಿರುಪಿನತ್ತ ಹೋಯಿತು. ಹೋದ ಕೈಯನ್ನು ಎಳೆದು ಸೆರಗಿನಲ್ಲಿ ಸುತ್ತಿಕೊಂಡರು.

ಅಷ್ಟರಲ್ಲಿ ಮಗಳು, ಅಳಿಯನ ಜೊತೆ ಎಲ್ವುಡ್ ಟೋಪಿ ಕೈಯಲ್ಲಿ ಹಿಡಿದು ಒಳಬಂದವರು ಬಾಗಿಲಲ್ಲೇ ನಿಂತು, ಮೂಗೆತ್ತಿ, ಗಟ್ಟಿಯಾಗಿ ನಕ್ಕು ಏನೋ ಅಂದರು.

“ನಮ್ಮನೆಗೇ ಬಂದಂಗಾತು ಅಂತಾರವ್ವಾ,” ಎಂದ ಪ್ರಭಂಜನ.

ಡೆನೀಸ್ ಮೇಲಿನ ಅನ್ನವನ್ನೆಲ್ಲ ಪರಾತಕ್ಕೆ ತೆಗೆದು, ದೋಸೆ ಮಗುಚುವ ಸಟ್ಟುಗವನ್ನು ಅಂಚಿನಿಂದ ತೂರಿಸಿದಳು. ರೊಟ್ಟಿಯಂತೆ ಇಡಿಯಾಗಿ ಎದ್ದಿತು ತಳ. ತಾಮ್ರದ ಬಣ್ಣ, ಒಂದು ಕಡೆಯೂ ಕಪ್ಪಿಲ್ಲ. ಎಲ್ವುಡ್ ಬೆರಳಿನ ಗೆಣ್ಣಿನಿಂದ ಬಡಿದರು. ಟಕ್ ಎಂದಿತು. ಡೆನೀಸ್ ಅತ್ತೆಯತ್ತ ಕೈ ತೋರಿಸಿ ಏನೋ ಹೇಳಿದಳು. ಅವರು ಮಗಳತ್ತ ಒಮ್ಮೆ ತಲೆಯಾಡಿಸಿ, ಮುರಿದು, ಮೊದಲ ತುಂಡನ್ನು ಈರವ್ವನ ಮುಂದೆ ಹಿಡಿದರು.

“ಕಾವಲು ಕಾದವರಿಗೆ ಮೊದಲಂತೆ,” ಎಂದ ಪ್ರಭಂಜನ.

ಕರುಂ! ಈರವ್ವ ಕಣ್ಣರಳಿಸಿದರು. “ಬೀಗರ, ಬಾಳ ಚಲೋ ಮಗಳನ್ನ ಕೊಟ್ಟೀರಿ ನೋಡ್ರಿ!” ಹಾಲ್‌ನಲ್ಲಿ ಕೂತವರಿಗೂ ಕೇಳಿಸುವಂತೆ ಅಂದರು. ಡೆನೀಸ್‌ಗೆ ಅದನ್ನು ಯಾರೂ ಅನುವಾದಿಸಬೇಕಾಗಲಿಲ್ಲ.

“ನನಗಿಲ್ವಾ?” ಎಂದರು ಅಹಲ್ಯಾ.

“ಸೀದದ್ದು ತಿಂತೀರೇನ್ರೀ ನೀವು?”

“ಕಾಡಿಸಿದ್ದು ಸಾಕು, ಕೊಡ್ರೀ!”

ಕೈ ಚಾಚಬೇಕೆಂದರೆ ಜಗ್ಗು ಅಡ್ಡ. ಅಹಲ್ಯಾ ಅದರ ನೀರನ್ನು ಒಂದು ಲೋಟಕ್ಕೆ ಬಗ್ಗಿಸಿ, ಎಲ್ವುಡ್ ಅವರ ಮುಂದಿಟ್ಟು, ಎರಡೂ ಅಂಗೈ ಒಡ್ಡಿದರು.