ಒಂಬತ್ತನೇ ತಿಂಗಳ ತಪಾಸಣೆ

ತೂಕ ಸರಿಯಾಗಿತ್ತು, ಉದ್ದ ಸರಿಯಾಗಿತ್ತು, ತಲೆಯ ಸುತ್ತಳತೆಯೂ ಸರಿಯಾಗಿತ್ತು. ಖಡಕಿಯ ಆ ಚಿಕ್ಕ ದವಾಖಾನೆಯಲ್ಲಿ ಡಾಕ್ಟರ್ ಶೀತಲ್ ಒಂದೊಂದನ್ನೇ ಅಳೆದು ಮರಾಠಿಯಲ್ಲಿ "ಛಾನ್", ಚೆನ್ನಾಗಿದೆ ಎಂದಾಗಲೆಲ್ಲ ಸಾಬವ್ವನ ಮುಖ ಅರಳುತ್ತಿತ್ತು. ಮೊಮ್ಮಗ ಚಿನ್ನು ಗುಂಡುಕಲ್ಲಿನಂತಿದ್ದಾನೆ ಎಂಬುದು ಅವಳ ಹೆಮ್ಮೆ. ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಸೊಸೆ ಅಂಬಾ ಮಾತ್ರ ಮೇಜಿನ ಮೇಲಿದ್ದ ಗಂಟೆಯನ್ನೇ ನೋಡುತ್ತಿದ್ದಳು. ಮುಂದೆ ಏನು ಬರುತ್ತದೆಂದು ಅವಳಿಗೆ ಗೊತ್ತಿತ್ತು.

ಆರನೇ ತಿಂಗಳಲ್ಲಿ ಬಂದಾಗ ಚಿನ್ನು ಗಂಟೆಯ ಸದ್ದಿಗೆ ತಿರುಗಿರಲಿಲ್ಲ. ಆಗ ನೆಗಡಿ ಬೇರೆ ಇತ್ತು. ನೆಗಡಿ ಹೋದ ಮೇಲೆ ಹಿಂದಿನಿಂದ ಚಪ್ಪಾಳೆ ತಟ್ಟಿ ನೋಡು, ತಿರುಗದಿದ್ದರೆ ತಡಮಾಡದೆ ಕರೆದುಕೊಂಡು ಬಾ ಎಂದು ಡಾಕ್ಟರ್ ಮರಾಠಿಯಲ್ಲಿ ಬಿಡಿಸಿ ಹೇಳಿದ್ದರು. ಅಂಬಾ ಚಪ್ಪಾಳೆ ತಟ್ಟಿದ್ದಳು, ತಾಟು ಬಡಿದಿದ್ದಳು. ಬೆನ್ನ ಹಿಂದೆ ನಿಂತರೆ ಅಲ್ಲಿ ಯಾರೂ ಇಲ್ಲವೆಂಬಂತೆ ಮಗು ತನ್ನ ಪಾಡಿಗೆ ಆಡಿಕೊಂಡಿರುತ್ತಿತ್ತು. ನಾಳೆ ತಿರುಗುತ್ತಾನೆ, ನಾಡಿದ್ದು ತಿರುಗುತ್ತಾನೆ ಎಂದು ಅವಳು ಯಾರಿಗೂ ಹೇಳದೆ ದಿನ ದೂಡಿದ್ದಳು.

ಈಗ ಡಾಕ್ಟರ್ ಎದ್ದು ಅವರ ಹಿಂದೆ ಹೋಗಿ ಗಂಟೆ ಬಾರಿಸಿದರು. ಚಿನ್ನು ಮೇಜಿನ ಮೇಲಿದ್ದ ಟೇಪಿಗೆ ಕೈ ಚಾಚುತ್ತಿದ್ದ. ಮತ್ತೆ ಬಾರಿಸಿದರು. ಇನ್ನೊಂದು ಸಲ ಬಾರಿಸಿದಾಗ ಅಂಬಾಳ ಬೆರಳು ಅವಳನ್ನು ಕೇಳದೆಯೇ ಮಗುವಿನ ಪಕ್ಕೆಯನ್ನು ಒತ್ತಿತು. ಚಿನ್ನು ಹೊರಳಿ ನೋಡಿದ.

"ಬಘಿತಲಂ!" ಎಂದು ಡಾಕ್ಟರ್ ನಕ್ಕರು. ನೋಡಿದನಲ್ಲ, ಇನ್ನು ಚಿಂತೆಯಿಲ್ಲ.

ಬಸ್ ಸ್ಟಾಪಿನಲ್ಲಿ ಸಾಬವ್ವನಿಗೆ ಮಾತು ನಿಲ್ಲಲಿಲ್ಲ. "ನಾ ಹೇಳಿದ್ನಿಲ್ಲ? ಎಲ್ಲಾ ಬರೋಬರ್ ಅದ. ನೀ ಸುಮ್ನ ಮಾರಿ ಸಣ್ಣದು ಮಾಡ್ಕೊಂಡ ಕುಂತಿದ್ದಿ."

ಅಷ್ಟರಲ್ಲಿ ಸೈಲೆನ್ಸರ್ ಕಿತ್ತ ಬುಲೆಟ್ ಬೈಕೊಂದು ಬೆನ್ನ ಹಿಂದಿನಿಂದ ಫಟಾರ್ ಎಂದು ಸಿಡಿದಂತೆ ಸದ್ದು ಮಾಡಿತು. "ಯವ್ವಾ!" ಎಂದು ಸಾಬವ್ವ ಎದೆ ಹಿಡಿದುಕೊಂಡಳು. ಪಕ್ಕದ ಹೆಂಗಸಿನ ಹೆಗಲ ಮೇಲೆ ನಿದ್ದೆ ಹೋಗಿದ್ದ ಕೂಸು ಬೆಚ್ಚಿಬಿದ್ದು ಚೀರಿತು. ಚಿನ್ನು ತಾಯಿಯ ಕರಿಮಣಿಯನ್ನು ಬಾಯಿಗಿಟ್ಟುಕೊಂಡು ಕಣ್ಣು ಕೂಡ ಮಿಟುಕಿಸದೆ ಚೀಪುತ್ತಿದ್ದ.

ಅಂಬಾ ಬಂದ ದಾರಿಯಲ್ಲೇ ತಿರುಗಿದಳು.

"ಏ, ಎಲ್ಲಿ ಹೊಂಟಿ? ಬಸ್ ಬಂತು!"

"ಅತ್ತೀ, ಅವಂಗ ಕೇಳಸೂದಿಲ್ರಿ."

"ಏನ್ ಬಾಯಿ ನಿಂದು! ಡಾಕ್ಟರ ಚಲೋ ಅದಾನ ಅಂದ್ರಲ್ಲ?"

"ನಾನ ಒತ್ತಿ ಹೊಳ್ಳಿಸೀನ್ರಿ!" ಎಂದವಳೇ ಮಗುವನ್ನು ಎದೆಗವಚಿಕೊಂಡು ಓಡಿದಳು. ದವಾಖಾನೆ ಮುಚ್ಚಿಬಿಟ್ಟಿದ್ದರೆ, ನಾಳೆ ಮತ್ತೆ ತನಗೆ ಈ ಧೈರ್ಯ ಬರದಿದ್ದರೆ ಎಂಬ ದಿಗಿಲಿನಲ್ಲಿ ಒಂದು ಚಪ್ಪಲಿ ಕಳಚಿ ಬಿದ್ದದ್ದೂ ಅವಳಿಗೆ ತಿಳಿಯಲಿಲ್ಲ.

ಡಾಕ್ಟರ್ ಬ್ಯಾಗು ಹೆಗಲಿಗೇರಿಸಿ ಹೊರಡುತ್ತಿದ್ದರು. ಕಾಯಿಪಲ್ಲೆ ಕೊಳ್ಳುವಾಗ ಸರಾಗವಾಗಿ ಬರುತ್ತಿದ್ದ ಮರಾಠಿಯಲ್ಲಿ ಅಂಬಾಳಿಗೆ ಒಂದು ಮಾತೂ ನೆನಪಾಗಲಿಲ್ಲ. "ಇಂವಾ ನೋಡ್ಲಿಲ್ರಿ... ನಾನ... ನಾನ..." ಎಂದು ತೊದಲಿದಳು. ಡಾಕ್ಟರಿಗೆ ಅರ್ಥವಾಗಲಿಲ್ಲ. ಕೊನೆಗೆ ಅವರ ಕಣ್ಣೆದುರೇ ಮಗುವಿನ ಪಕ್ಕೆಗೆ ಬೆರಳು ಒತ್ತಿ ತೋರಿಸಿದಳು. ಚಿನ್ನು ಹೊರಳಿದ. ಇನ್ನೊಮ್ಮೆ ಒತ್ತಿದಳು. ಹೊರಳಿದ.

ಡಾಕ್ಟರರ ಮುಖದ ನಗು ಆರಿತು. ಬ್ಯಾಗು ಕೆಳಗಿಟ್ಟು, ಮೂರು ತಿಂಗಳ ಹಿಂದೆಯೇ ಹೇಳಿದ್ದೆನಲ್ಲ ಎಂದಷ್ಟೇ ಮರಾಠಿಯಲ್ಲಿ ಅಂದರು. ಬೈದಿದ್ದರೆ ಅಂಬಾಳಿಗೆ ಹಗುರವಾಗುತ್ತಿತ್ತು.

ಮುಂದಿನ ವಾರ ದೊಡ್ಡ ಆಸ್ಪತ್ರೆಯಲ್ಲಿ ಕಿವಿಯ ಪರೀಕ್ಷೆ. ಗಂಡ ಮಾಂತು ರಾಂಜಣಗಾಂವದ ಕಾರ್ಖಾನೆಗೆ ರಜೆ ಹಾಕಿ ಬಂದ. ಹಣೆಗೂ ಕಿವಿಯ ಹಿಂದೆಯೂ ವೈರು ಅಂಟಿಸಬೇಕು, ಮಗು ಮಲಗಿರಬೇಕು, ಮಲಗಿಸಿ ಎಂದರು. ಅಂಬಾ ರೂಢಿಯಂತೆ ಜೋ ಜೋ ಎಂದು ಹಾಡತೊಡಗಿ, ನಡುವೆಯೇ ನಿಲ್ಲಿಸಿಬಿಟ್ಟಳು. ಇಷ್ಟು ದಿನ ಯಾರಿಗಾಗಿ ಹಾಡಿದೆ? ಸುಮ್ಮನೆ ಬೆನ್ನು ತಟ್ಟುತ್ತ ಕುಳಿತಳು. ಚಿನ್ನು ಮಲಗಿದ.

ಎರಡೂ ಕಿವಿಗೆ ಹೆಚ್ಚುಕಡಿಮೆ ಏನೂ ಕೇಳುತ್ತಿರಲಿಲ್ಲ. ಮೊದಲು ಕಿವಿಗೆ ಕೇಳಿಸುವ ಮಷೀನು ಹಾಕಿ ನೋಡೋಣ, ಆಮೇಲೆ ಆಪರೇಷನ್ ಬೇಕಾಗಬಹುದು, ಇನ್ನು ಮೇಲೆ ಒಂದು ತಪಾಸಣೆಯನ್ನೂ ತಪ್ಪಿಸುವಂತಿಲ್ಲ ಎಂದರು. ಮಾತು ಬರುತ್ತದೆಯೇ ಎಂದು ಮಾಂತು ಕೇಳಿದ. ಈಗಲೇ ಹೇಳಲಾಗದು ಎಂದರು.

ಹೊರಗೆ ಬಂದ ಮೇಲೆ ಅವನು ಗೋಡೆಗೆ ಒರಗಿದ. "ನಿನಗ ಗೊತ್ತಿತ್ತು."

"ಗೊತ್ತಿತ್ರಿ."

"ನನಗೊಂದ್ ಮಾತ ಹೇಳಬಾರದಾಗಿತ್ತೇನ?"

ಮಾಂತು ನಿದ್ದೆಗಣ್ಣಿನ ಮಗುವನ್ನು ಅವಳ ತೋಳಿನಿಂದ ತೆಗೆದುಕೊಂಡು, ಮಷೀನಿಗೆ ತಾರೀಖು ಕೊಡುವ ಕಿಟಕಿಯ ಕಡೆ ಹೊರಟ. ಅಲ್ಲಿ ಉದ್ದನೆಯ ಪಾಳಿ ಇತ್ತು. ಅಂಬಾ ಹೋಗಿ ಅವನ ಹಿಂದೆ ನಿಂತಳು. ಅವನು ತಿರುಗಿ ನೋಡಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ.