ಗುಲಗಂಜಿ ಬಳ್ಳಿಯ ಸುತ್ತು

ನೊಣ ಮತ್ತ ಬಂದು ಕೆಂಪು ಬಣ್ಣದ ಬಟ್ಟಲಿನ ಅಂಚಿಗೆ ಕೂತಿತು, ಥೂ, ಹೋಗತ್ತಾಗ, ಖುರ್ಷೀದ್ ಬೇಗಂ ಕುಂಚದ ಹಿಂದಿನ ತುದಿಯಿಂದ ಓಡಿಸಿದಳು, ಕೂತ್ರ ಕೂಡಲಿ ಬಿಡು, ಈ ಕೆಂಪು ಇನ್ನ ಯಾವ ಬೀಜಕ್ಕ ಹಚ್ಚೂದದ, ನಲವತ್ತು ಹಾಳಿ, ನಲವತ್ತರಾಗೂ ಗುಲಗಂಜಿ ಬಳ್ಳಿ ಬಲದಿಂದ ಎಡಕ್ಕ ಏರ್ಯದ, ಹಿತ್ತಲದಾಗಿನ ಬಳ್ಳಿ ಎಡದಿಂದ ಬಲಕ್ಕ ಏರತದ, ಅದನ್ನ ತಿನ್ನಾಕ ಬರೂ ಆಡಿಗೂ ಗೊತ್ತದ, ಹುಮನಾಬಾದದ ದೇವಿದಾಸಗ ಗೊತ್ತಿಲ್ಲ — ಅವನ ಕೆಲಸ ಕಟ್ಟಿಗಿ ಅಚ್ಚು ಕೊರೆದು ಹಾಳಿ ಮ್ಯಾಲ ಕಪ್ಪು ಗೆರಿ ಒತ್ತೂದು, ಇವಳ ಕೆಲಸ ಅಳಿಲುಕೂದಲಿನ ಕುಂಚದಿಂದ ಅದರೊಳಗ ಎಲಿ, ನರ, ಬೀಜ ತುಂಬೂದು, ಹಿಂಗ ಇಬ್ಬರೂ ಕೂಡಿ ಅಬ್ಬಾನ ಔಷಧಿ ಗಿಡದ ಕಿತಾಬು ಮಾಡೂದು, ಆಡುಸೋಗಿ ಆತು, ಲೋಳಸರ ಆತು, ಮೂವತ್ತು ಗಿಡ ಸುಸೂತ್ರ ಆದವು, ಉಳಿದದ್ದು ಇದೊಂದೇ ಬಳ್ಳಿ, ಅದಕ್ಕೇ ಹಿಂಗಾಗಬೇಕಾ, ಯಾ ಅಲ್ಲಾ! ಹಿಂದೂ-ಮುಸಲ್ಮಾನರ ಗದ್ದಲದ ವರ್ಷ ಆ ಮೂವತ್ತೂ ಗಿಡದ ಹಾಳಿ ತನ್ನ ಟ್ರಂಕಿನಾಗ ಹೆಂಡತಿ ಸೀರಿ ಕೆಳಗಿಟ್ಟು ಕಾಯ್ದವ ಆ ದೇವಿದಾಸನೇ, ಖರೇ ಅದ, ಯಾರು ಇಲ್ಲ ಅಂದ್ರು, ಹಂಗಂತ ಬಳ್ಳಿ ಉಲ್ಟಾ ಸುತ್ತಬೇಕೇನು — ಮುಂಜಾನೆ ಕೆಲಸದ ಹುಡುಗ ಮಕ್ಬೂಲ್ ಹುಮನಾಬಾದದಿಂದ ಹಾಳಿ, ಅಚ್ಚಿನ ಗಂಟು ತಂದು ಬಿಚ್ಚಿದಾಗ ಇವಳ ತಲಿಗೆ ರಕ್ತ ಏರಿತ್ತು, ಅಬ್ಬಾ ಮಾತ್ರ ಮಂಚದ ಮ್ಯಾಲ ಅಚ್ಚನ್ನ ತೊಡಿ ಮ್ಯಾಲಿಟ್ಟುಕೊಂಡು ಬೆರಳಾಡಿಸಾಕ ಹತ್ತಿದ್ರು, ಕಣ್ಣು ಹೋಗಿ ಎರಡು ವರ್ಷ ಆತು, ಹಕೀಮ ಗಯಾಸುದ್ದೀನರಿಗೆ ಈಗ ಬೆರಳೇ ಕಣ್ಣು, ಬಳ್ಳಿ ಸರಿ ಸುತ್ಯದ ಬೇಟಿ, ಇದು ಇಲ್ಲೇ ಇರಲಿ, ಇಡೀ ಕಿತಾಬದಾಗ ನನಗ ಕಾಣೂದು ಇದೊಂದೇ, ಅಚ್ಚಿನಾಗ ಸರಿ ಇದ್ದರ ಹಾಳಿಯಾಗ ಉಲ್ಟಾ ಬರತದ ಅಬ್ಬಾ, ನಿಮಗ ತಿಳಿಯಂಗಿಲ್ಲ ಸುಮ್ನಿರ್ರಿ, ಅಂತ ಕಸಗೊಂಡು, ಅಬ್ಬಾಗ ಕೇಳದಂಗ ಅಂಗಳಕ್ಕ ಬಂದು ಮಕ್ಬೂಲನ ಕೈಯಾಗ ತುರುಕಿದ್ದಳು, ಒಯ್ಯಿ, ಒಲಿಗೆ ಹಾಕು ಅಂತ ಹೇಳು ಆ ದೇವಿದಾಸಗ, ಇನ್ನ ಮ್ಯಾಲ ಅವನ ಅಚ್ಚೂ ಬ್ಯಾಡ ಅವನೂ ಬ್ಯಾಡ.

ಹೋಗಲಿ, ಹೊಸ ನಕ್ಷಾ ಬರೀಬೇಕು, ಮಂಠಾಳದಾಗ ಯಾರರೆ ಅಚ್ಚು ಕೊರಿಯಾವ್ರು ಸಿಗತಾರೇನೋ, ದೇವಿದಾಸಗ ಕಳಿಸಿದ್ದ ಚಿತ್ರದ ನಕಲು ಎಲ್ಲಿಟ್ಟೆ, ಚಾಪಿ ಕೆಳಗ, ಹಾಂ, ಸಿಕ್ತು — ಬಲದಿಂದ ಎಡಕ್ಕ. ಇದೂ ಎಡಕ್ಕ. ತಾನೇ ಬರೆದದ್ದು, ತನ್ನದೇ ಕೈ, ರಂಜಾನದ ಹಿಂದಿನ ವಾರ ಇದೇ ಕಿಟಕಿಗೆ ಕೂತು, ಅಚ್ಚಿನಾಗ ಎಲ್ಲಾ ತಿರುಗತದ, ಸೀರಿ ಅಂಚು ಒತ್ತೂ ಮನಷ್ಯಾಗ ಇದೆಲ್ಲಿ ಹೊಳೀತದ, ನಾನೇ ತಿರುಗಿಸಿ ಬರದರ ಆತು ಅಂತ ಶಾಣ್ಯಾತನ ಮಾಡಿ, ಅವನಿಗೊಂದು ಮಾತೂ ಹೇಳದ, ಮೊದಲಾಗಿದ್ರ ಹುಮನಾಬಾದಕ್ಕ ತಾನೇ ಹೋಗಿ ಅವನ ಮನಿ ಕಟ್ಟಿ ಮ್ಯಾಲ ಕೂತು ಹೇಳತಿದ್ದಳು, ಗದ್ದಲ ಆದ ಮ್ಯಾಲ ಆ ಕಡೆ ಕಾಲೇ ಇಟ್ಟಿಲ್ಲ, ಅವನು ಪಾಪ, ಹಾಳಿಯಾಗ ನಕ್ಷಾ ಇದ್ದಂಗೇ ಬರಲಿ ಅಂತ, ಯಾವಾಗಿನಂಗ ಅದನ್ನ ಕಟ್ಟಿಗಿ ಮ್ಯಾಲ ಬೋರಲು ಅಂಟಿಸಿ ಇವಳು ಬರದಂಗೇ ಕೊರದಾನ, ಒಂದು ಕೂದಲೂ ತಪ್ಪಿಲ್ಲ — ಮಕ್ಬೂಲ್, ಏ ಮಕ್ಬೂಲ್, ಎಲ್ಲಿ ಮಕ್ಬೂಲ್, ಮಧ್ಯಾಹ್ನದ ಮೋಟಾರು ಹೋಗಿ ಎಷ್ಟೊತ್ತಾತೋ, ದೇವಿದಾಸ ಯಾಕ ಅಂತ ಕೇಳೂ ಪೈಕಿ ಅಲ್ಲ, ಅಕ್ಕಾರು ಹೇಳ್ಯಾರಂದ್ರ ಮುಗೀತು, ಒಲಿಗೆ ಹಾಕತಾನ, ಹಾಕಿರತಾನ, ಬೇಟಿ, ಆ ಅಚ್ಚು ಕೊಡು ಇನ್ನೊಮ್ಮಿ ನೋಡತೀನಿ, ಅಬ್ಬಾ ಮಂಚದಿಂದ ಕೈ ಚಾಚ್ಯಾರ, ಏನು ಕೊಡಲಿ, ನೊಣ ಮತ್ತ ಕೆಂಪಿನ ಮ್ಯಾಲ ಕೂತದ, ಕೂಡಲಿ, ಹುಮನಾಬಾದದಾಗ ಒಲಿ ಹೊತ್ತಿರಬೇಕು, ಒಲಿಯಾಗ ಅಚ್ಚು, ಅಚ್ಚಿನಾಗ ಬಳ್ಳಿ, ಎಡದಿಂದ ಬಲಕ್ಕ, ಎಡದಿಂದ ಬಲಕ್ಕ